ಕಾರಿನ ಬಿಸಿಲುಗಣ್ಣು ಕುರುಡಾಯಿತೆ?

ಬಿಸಿಲಿನಲ್ಲಿ ನಿಂತವನಿಗೆ ನೆರಳಿನಲ್ಲಿರುವವನಿಗಿಂತ ಸೆಕೆ ಹೆಚ್ಚೆಂಬುದನ್ನು ತಿಳಿಯಲು ವಿಜ್ಞಾನ ಬೇಕಿಲ್ಲ. ಆದರೆ ಇಬ್ಬರನ್ನೂ ಸುತ್ತಿರುವ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ಎಂಬುದನ್ನು ನಾವು ಮರೆಯುತ್ತೇವೆ. ಕಾರಿನೊಳಗಿನ ಹವೆಯನ್ನು ತಾನಾಗಿಯೇ ಹದಗೊಳಿಸುವ ಯಂತ್ರಕ್ಕೆ ಒದಗುವ ತೊಡಕೂ ಇದೇ. ಒಳಗಿನ ಉಷ್ಣಮಾಪಕವು 25 ಡಿಗ್ರಿ ಸೆಂಟಿಗ್ರೇಡನ್ನು ತೋರಿಸಿ ತೃಪ್ತವಾಗಿರುವಾಗಲೇ, ಗಾಜಿನ ಮೂಲಕ ನುಗ್ಗಿದ ಬಿಸಿಲು ಚಾಲಕನ ತೋಳನ್ನು ಸುಡುತ್ತಿರುತ್ತದೆ. ಈ ಕೊರತೆಯನ್ನು ನೀಗಲೆಂದು ಡ್ಯಾಷ್‌ಬೋರ್ಡಿನ ಮೇಲೆ, ಮುಂಗಾಜಿನ ಬುಡದಲ್ಲಿ, ಗುಂಡಿಯಷ್ಟು ಗಾತ್ರದ ಬಿಸಿಲಿನ ಸಂವೇದಕವನ್ನು ಇರಿಸುತ್ತಾರೆ.

ಇದು ಸಾಮಾನ್ಯವಾಗಿ ಸಿಲಿಕಾನಿನ ಫೋಟೊಡಯೋಡು. ಇದರ ಮೇಲೆ ಬೀಳುವ ಬೆಳಕು ಹೆಚ್ಚಿದಷ್ಟೂ ಮಂಡಲದಲ್ಲಿ ವಿದ್ಯುತ್ಪ್ರವಾಹವೂ ಹೆಚ್ಚುತ್ತದೆ. ಅದನ್ನರಿತ ನಿಯಂತ್ರಕವು ಬೀಸಣಿಗೆಯ ವೇಗವನ್ನು ಏರಿಸಿ, ಇನ್ನೂ ತಂಪಾದ ಗಾಳಿಯನ್ನು ಬಿಡುತ್ತದೆ. ಸಂವೇದಕ ಕೆಟ್ಟರೆ ನಡುಹಗಲಿನಲ್ಲಿಯೂ ಯಂತ್ರವು ಇರುಳೆಂದೇ ಭಾವಿಸುತ್ತದೆ.

ತೊಡಕಿರುವುದು ಇಲ್ಲಿಯೇ. ತಂತಿ ಕಡಿದರೆ ಪ್ರವಾಹವಿಲ್ಲ, ಕತ್ತಲೆಯಲ್ಲಿಯೂ ಪ್ರವಾಹವಿಲ್ಲ. ಇವೆರಡರ ಭೇದವನ್ನು ಪಾಪ, ನಿಯಂತ್ರಕವು ಹೇಗೆ ತಿಳಿದೀತು? ಟೊಯೋಟ ಕಂಪನಿಯ ಹಲವು ಕಾರುಗಳನ್ನು ಕತ್ತಲಲ್ಲಿ ಪರೀಕ್ಷಿಸಿದರೆ, ಯಾವ ದೋಷವೂ ಇಲ್ಲದಿದ್ದರೂ, ಬಿಸಿಲಿನ ಸಂವೇದಕ ಕೆಟ್ಟಿದೆಯೆಂದು ಸಾರುವ 21 ಎಂಬ ಸಂಖ್ಯೆ ಮೂಡಬಹುದು. ಹೊಸದನ್ನು ಕೊಂಡು ತಂದು ಕೂರಿಸಿದರೂ ಅದೇ ಶೆಡ್ಡಿನಲ್ಲಿ ಮತ್ತೆ ಅದೇ 21!

“ಶೆಡ್ಡಿನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆಯಲ್ಲ?” ಎಂದು ವಾಚಕರು ಕೇಳಬಹುದು. ನಮ್ಮ ಕಣ್ಣು ಬಹಳ ಉದಾರಿ. ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್ ಆದರೆ ದೀಪ ಹಚ್ಚಿದ ಕೋಣೆಯ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ. ಸಂವೇದಕಕ್ಕೆ ಆ ಉದಾರತೆಯಿಲ್ಲ. ಇನ್ನೊಂದು ಸಂಗತಿಯೂ ಉಂಟು: ನಮ್ಮ ದೃಷ್ಟಿ ಸುಮಾರು 700 ನ್ಯಾನೊಮೀಟರಿನ ಕೆಂಪಿಗೆ ಮುಗಿದರೆ, ಸಾಮಾನ್ಯ ಸಿಲಿಕಾನ್ ಡಯೋಡು ಅತ್ಯಂತ ಚುರುಕಾಗಿರುವುದು ಅದರಾಚೆ, 900ರ ಆಸುಪಾಸಿನ ಅವಕೆಂಪು ಕಿರಣಗಳಿಗೆ. ಸೂರ್ಯನಲ್ಲಿ ಅವು ಹೇರಳ. ಟ್ಯೂಬ್‌ಲೈಟಿನಲ್ಲಿಯೂ ಬಿಳಿಯ ಎಲ್‌ಇಡಿ ದೀಪದಲ್ಲಿಯೂ ಅತ್ಯಲ್ಪ. ಹಳೆಯ ತಂತಿಯ ಬಲ್ಬಾದರೋ ತನ್ನ ಶಕ್ತಿಯ ಬಹುಭಾಗವನ್ನು ಅವಕೆಂಪಾಗಿಯೇ ಚೆಲ್ಲುತ್ತದೆ. ಮನೆ ಬೆಳಗಲು ಅದು ದಂಡದ ದೀಪ. ಈ ಪರೀಕ್ಷೆಗೆ ಅದೇ ಯೋಗ್ಯ.

ಆದುದರಿಂದ ಮೊದಲು ಕಾರನ್ನು ಬಿಸಿಲಿಗೆ ತರಬೇಕು. ಆಗದಿದ್ದರೆ 60 ವ್ಯಾಟಿನ ತಂತಿಬಲ್ಬನ್ನು ಒಂದಡಿ ದೂರದಲ್ಲಿ ಹಿಡಿಯಬೇಕು. ಸಂವೇದಕದ ಮೇಲೆ ಕಾಗದವೋ, ಒರೆಸುವ ಬಟ್ಟೆಯೋ, ದೇವರ ಪುಟ್ಟ ವಿಗ್ರಹವೋ ಇದ್ದರೆ ಅದನ್ನು ಸರಿಸಿ, ಸಂಖ್ಯೆಯನ್ನು ಅಳಿಸಿ ಮತ್ತೆ ನೋಡಬೇಕು. ಆಗಲೂ 21 ಮೂಡಿದರೆ ಪ್ಲಗ್ಗನ್ನು ಬಿಚ್ಚಿ, ಸಂವೇದಕದ ಎರಡು ತುದಿಗಳಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿ ರೋಧವನ್ನು ಅಳೆಯಬೇಕು. ಬಟ್ಟೆಯಿಂದ ಮುಚ್ಚಿದಾಗ ರೋಧ ಏರಿ, ತೆರೆದಾಗ ಇಳಿದರೆ ಸಂವೇದಕ ಬದುಕಿದೆ. ದೋಷವನ್ನು ತಂತಿಯಲ್ಲಿ, ಪ್ಲಗ್ಗಿನ ತುಕ್ಕಿನಲ್ಲಿ ಹುಡುಕಬೇಕು. ಏರಿಳಿತ ಕಾಣದಿದ್ದರೆ ಅವಸರ ಬೇಡ: ಡಯೋಡಿನಲ್ಲಿ ವಿದ್ಯುತ್ತು ಎರಡು ದಿಕ್ಕಿಗೂ ಸಮನಾಗಿ ಹರಿಯದು, ಕಡ್ಡಿಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ನೋಡಬೇಕು. ಆಗಲೂ ಬಿಸಿಲಿಗೂ ಬಟ್ಟೆಗೂ ಮೀಟರು ಒಂದೇ ಅಂಕಿಯನ್ನು ತೋರಿದರೆ ಮಾತ್ರ ಸಂವೇದಕವನ್ನು ಬದಲಿಸಬೇಕು.