ಎತ್ತರಿಸಿದ ನಾಲ್ಕು ಚಕ್ರ ಚಾಲನೆಯ ವಾಹನದಿಂದ ಕ್ಯಾರವಾನ್ ಎಳೆಯುವಿಕೆ

ಎತ್ತರಿಸಿದ ನಾಲ್ಕು ಚಕ್ರ ಚಾಲನೆಯ ವಾಹನದಿಂದ ಕ್ಯಾರವಾನ್ ಎಳೆಯುವಿಕೆ ಎಂದರೆ, ತಯಾರಕರು ನಿಗದಿಪಡಿಸಿದ ಮಟ್ಟಕ್ಕಿಂತ ಮೇಲಕ್ಕೆ ಏರಿಸಿದ ಜೀಪು ಮಾದರಿಯ ವಾಹನದ ಹಿಂಬದಿಗೆ, ಮಲಗುವ ಮತ್ತು ಅಡುಗೆಯ ಸೌಕರ್ಯವುಳ್ಳ ಎಳೆಬಂಡಿಯನ್ನು ಜೋಡಿಸಿ ರಸ್ತೆಯಲ್ಲಿ ಕೊಂಡೊಯ್ಯುವುದು. ಕಲ್ಲು, ಕೆಸರು, ಹಳ್ಳಗಳನ್ನು ದಾಟಲು ಎತ್ತರ ಅನುಕೂಲಕರ. ಆದರೆ ಅದೇ ಎತ್ತರವು ವಾಹನದ ಸ್ಥಿರತೆಯನ್ನು ತಗ್ಗಿಸುತ್ತದೆ ಮತ್ತು ಕ್ಯಾರವಾನಿನ ಮೂತಿಯನ್ನು ಮೇಲಕ್ಕೆತ್ತಿ ಭಾರದ ಹಂಚಿಕೆಯನ್ನು ಕೆಡಿಸುತ್ತದೆ. ಆದ್ದರಿಂದ ಇಂತಹ ಜೋಡಿಯನ್ನು ರಸ್ತೆಗೆ ಇಳಿಸುವ ಮೊದಲು ಕೊಂಡಿಯ ಎತ್ತರ, ಅಚ್ಚುಗಳ ಮೇಲಿನ ಭಾರ, ಬ್ರೇಕು ಮತ್ತು ಕಾನೂನು ಎಂಬ ನಾಲ್ಕು ವಿಷಯಗಳನ್ನು ಪರಿಶೀಲಿಸಬೇಕಾಗುತ್ತದೆ. ಈ ಪದ್ಧತಿಯು ಆಸ್ಟ್ರೇಲಿಯಾದಲ್ಲಿ ವ್ಯಾಪಕವಾಗಿದೆ. ಭಾರತದಲ್ಲಿ ವಾಹನವನ್ನು ಎತ್ತರಿಸುವುದಕ್ಕೇ ಕಾನೂನಿನ ತಡೆಯಿದೆ.

ಹಿನ್ನೆಲೆ

ವಿಹಾರಕ್ಕೆಂದೇ ನಿರ್ಮಿಸಿದ ಮೊದಲ ಕ್ಯಾರವಾನ್ ಎಂದು ಸಾಮಾನ್ಯವಾಗಿ ಪರಿಗಣಿಸಲಾಗುವ 'ವಾಂಡರರ್' 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತಯಾರಾಯಿತು. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ಲೇಖಕನಿಗಾಗಿ ನಿರ್ಮಿಸಿದ ಈ ಬಂಡಿಯನ್ನು ಕುದುರೆಗಳು ಎಳೆಯುತ್ತಿದ್ದವು. ಮೋಟಾರು ವಾಹನಗಳು ಬಂದ ಮೇಲೆ ಕುದುರೆಯ ಸ್ಥಾನವನ್ನು ಕಾರು ಪಡೆಯಿತು. ಬಂಡಿಯ ಭಾರವನ್ನು ಎಳೆಯುವವನ ಬೆನ್ನಿಗೆ ಎಷ್ಟು ಹೊರಿಸಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಈ ಪ್ರಶ್ನೆ ಕರ್ನಾಟಕದ ರೈತರಿಗೆ ಹೊಸದಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ದೇವಾಲಯದ ಸುತ್ತ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಗೆ ಹಿಂದೆ ಸುತ್ತಲಿನ ಹಳ್ಳಿಗಳ ರೈತರು ಎತ್ತಿನಗಾಡಿಗಳಲ್ಲಿ ಮೂಟೆಗಳನ್ನು ತರುತ್ತಿದ್ದರು. ಗಾಡಿಗೆ ಮೂಟೆ ಹೇರುವಾಗ ಹಿಂಭಾರವಾದರೆ ಮೂಕಿ ಮೇಲೆದ್ದು, ನೊಗದೊಂದಿಗೆ ಕೊರಳಪಟ್ಟಿಯೂ ಏರಿ ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂಭಾರ ಅತಿಯಾದರೆ ನೊಗವು ಹೆಗಲನ್ನು ಜಜ್ಜುತ್ತದೆ. ಹೀಗಾಗಿ ಅಚ್ಚಿನಿಂದ ಸ್ವಲ್ಪವೇ ಮುಂದಕ್ಕೆ ಭಾರ ಬರುವಂತೆ ಹೇರುವುದು ವಾಡಿಕೆ. ಕ್ಯಾರವಾನ್ ಹೇರುವ ವಿಧಾನಕ್ಕೂ ಇದೇ ತತ್ತ್ವ ಆಧಾರ. ಇಲ್ಲಿ ನೊಗದ ಬದಲು ವಾಹನದ ಹಿಂಬದಿಯಲ್ಲಿ ಗುಂಡಾದ ಕೊಂಡಿ ಇರುತ್ತದೆ. ಆಸ್ಟ್ರೇಲಿಯಾ ಮತ್ತು ಯುರೋಪಿನಲ್ಲಿ ಸಾಮಾನ್ಯವಾಗಿ ಅದರ ವ್ಯಾಸ 50 ಮಿ.ಮೀ.

ಎತ್ತರಿಸುವ ವಿಧಾನಗಳು

ವಾಹನವನ್ನು ಮೂರು ಬಗೆಯಲ್ಲಿ ಎತ್ತರಿಸಲಾಗುತ್ತದೆ. ಮೊದಲನೆಯದು, ಉದ್ದವಾದ ಅಥವಾ ಗಟ್ಟಿಯಾದ ಸ್ಪ್ರಿಂಗುಗಳನ್ನು ಅಳವಡಿಸಿ ಚಾಸಿಯನ್ನೇ ಮೇಲೇರಿಸುವುದು. ಎರಡನೆಯದು, ಚಾಸಿ ಮತ್ತು ಮೇಲಿನ ಒಡಲಿನ ನಡುವೆ ದಿಮ್ಮಿಗಳನ್ನಿಟ್ಟು ಒಡಲನ್ನು ಮಾತ್ರ ಏರಿಸುವುದು. ಮೂರನೆಯದು, ದೊಡ್ಡ ಟೈರುಗಳನ್ನು ಹಾಕುವುದು. ಟೈರಿನ ವ್ಯಾಸ 60 ಮಿ.ಮೀ. ಹೆಚ್ಚಿದರೆ ಅಚ್ಚು ಅದರ ಅರ್ಧದಷ್ಟು, ಎಂದರೆ 30 ಮಿ.ಮೀ. ಮೇಲೇರುತ್ತದೆ. 50 ಮಿ.ಮೀ. ಎತ್ತರದ ಸ್ಪ್ರಿಂಗುಗಳೊಂದಿಗೆ ಇಂತಹ ಟೈರುಗಳನ್ನು ಹಾಕಿದರೆ ಚಾಸಿಗೆ ಬಿಗಿದ ಕೊಂಡಿಯು ಒಟ್ಟು 80 ಮಿ.ಮೀ. ಏರುತ್ತದೆ. ಒಡಲನ್ನು ಮಾತ್ರ ಏರಿಸಿದಾಗ ಕೊಂಡಿಯ ಎತ್ತರ ಬದಲಾಗುವುದಿಲ್ಲ, ಆದರೆ ಗುರುತ್ವ ಕೇಂದ್ರ ಮೇಲೇರುತ್ತದೆ.

ಸ್ಥಿರತೆಯ ಮೇಲಿನ ಪರಿಣಾಮ

ವಾಹನ ಮಗುಚಿಕೊಳ್ಳದಂತೆ ತಡೆಯುವ ಸಾಮರ್ಥ್ಯವನ್ನು ಅಳೆಯುವ ಒಂದು ಸರಳ ವಿಧಾನವೆಂದರೆ, ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಚಕ್ರಗಳ ಅಂತರ 1.5 ಮೀಟರ್ ಮತ್ತು ಗುರುತ್ವ ಕೇಂದ್ರದ ಎತ್ತರ 0.70 ಮೀಟರ್ ಇರುವ ವಾಹನಕ್ಕೆ ಈ ಸಂಖ್ಯೆ 1.07. ಗುರುತ್ವ ಕೇಂದ್ರ 70 ಮಿ.ಮೀ. ಏರಿದರೆ ಅದು 0.97ಕ್ಕೆ ಇಳಿಯುತ್ತದೆ. ಸುಮಾರು ಶೇ. 9ರಷ್ಟು ಸ್ಥಿರತೆ ಹೀಗೆ ನಷ್ಟವಾಗುತ್ತದೆ. ಹಿಂದಿನಿಂದ ಭಾರವಾದ ಬಂಡಿಯೊಂದು ಅಡ್ಡಲಾಗಿ ತಳ್ಳುವ ಸಂದರ್ಭದಲ್ಲಿ ಈ ನಷ್ಟ ಅಪಾಯಕಾರಿಯಾಗಬಹುದು.

ದೊಡ್ಡ ಟೈರುಗಳು ಗೇರಿನ ಒಟ್ಟು ಅನುಪಾತವನ್ನೂ ಬದಲಿಸುತ್ತವೆ. ವ್ಯಾಸ ಶೇ. 6ರಷ್ಟು ಹೆಚ್ಚಿದರೆ ಎಳೆಯುವ ಬಲ ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಸ್ಪೀಡೋಮೀಟರ್ ಸಹ ವೇಗವನ್ನು ಕಡಿಮೆ ತೋರಿಸತೊಡಗುತ್ತದೆ: ಮೊದಲು ಸರಿಯಾಗಿದ್ದ ಮೀಟರ್ 80 ಕಿ.ಮೀ. ಎಂದು ತೋರಿಸುವಾಗ ನಿಜವಾದ ವೇಗ ಸುಮಾರು 85 ಕಿ.ಮೀ. ಆಗಿರುತ್ತದೆ. ಸ್ಪ್ರಿಂಗುಗಳನ್ನು ಎತ್ತರಿಸಿದಾಗ ಬ್ರೇಕಿನ ಕೊಳವೆಗಳ ಉದ್ದ, ಪ್ರೊಪೆಲ್ಲರ್ ಶಾಫ್ಟಿನ ಕೋನ, ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟಿನ ದಿಕ್ಕನ್ನು ಮರುಹೊಂದಿಸಬೇಕಾಗುತ್ತದೆ.

ಕೊಂಡಿಯ ಎತ್ತರ

ಕ್ಯಾರವಾನ್ ಸಮತಟ್ಟಾದ ನೆಲದ ಮೇಲೆ ಮಟ್ಟವಾಗಿ ನಿಲ್ಲಬೇಕು. ಯುರೋಪಿನ ನಿಯಮಗಳ ಪ್ರಕಾರ ಪೂರ್ಣ ಭಾರ ಹೊತ್ತ ಕಾರಿನ ಕೊಂಡಿಯ ಕೇಂದ್ರವು ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕು. ನಾಲ್ಕು ಚಕ್ರ ಚಾಲನೆಯ ವಾಹನಗಳು ಮೊದಲೇ ಎತ್ತರವಾಗಿರುವುದರಿಂದ, ಅವುಗಳನ್ನು ಮತ್ತಷ್ಟು ಏರಿಸಿದಾಗ ಕ್ಯಾರವಾನಿನ ಮೂತಿ ಎದ್ದು ಬಾಲ ತಗ್ಗುತ್ತದೆ. ಒಂದೇ ಅಚ್ಚಿನ ಕ್ಯಾರವಾನಿನಲ್ಲಿ ಇದರಿಂದ ಭಾರದ ಹಂಚಿಕೆ ಹೆಚ್ಚು ಬದಲಾಗುವುದಿಲ್ಲ. ಹತ್ತಿರ ಹತ್ತಿರ ಎರಡು ಅಚ್ಚುಗಳಿರುವ ಕ್ಯಾರವಾನಿನಲ್ಲಿ ಮಾತ್ರ ಹಿಂದಿನ ಅಚ್ಚಿನ ಮೇಲೆ ಭಾರ ಹೆಚ್ಚಿ ಮುಂದಿನದು ಹಗುರವಾಗುತ್ತದೆ. ಆಗ ಹಿಂದಿನ ಟೈರುಗಳು ಮಿತಿಮೀರಿ ಬಿಸಿಯಾಗುತ್ತವೆ, ಹಗುರವಾದ ಚಕ್ರಗಳು ಬ್ರೇಕು ಹಾಕಿದಾಗ ಬೇಗನೆ ಜಾರುತ್ತವೆ.

ಇದಕ್ಕೆ ಪರಿಹಾರವಾಗಿ ಕೆಳಕ್ಕೆ ಬಾಗಿದ ಕೊಂಡಿತೋಳನ್ನು ಬಳಸಲಾಗುತ್ತದೆ. ಕೊಂಡಿ 80 ಮಿ.ಮೀ. ಏರಿದ್ದರೆ ತೋಳೂ ಸುಮಾರು ಅಷ್ಟೇ ಇಳಿಜಾರಾಗಿರಬೇಕು. ಅಳತೆಯನ್ನು ಖಾಲಿ ವಾಹನದಲ್ಲಿ ತೆಗೆದುಕೊಂಡರೆ ತಪ್ಪಾಗುತ್ತದೆ. ಪ್ರಯಾಣಿಕರು, ಇಂಧನ, ಸಾಮಾನು ಎಲ್ಲವೂ ಇರುವಾಗ, ಕ್ಯಾರವಾನ್ ಜೋಡಿಸಿಯೇ ಅಳೆಯಬೇಕು. ತೋಳಿನ ಮೇಲೆ ನಮೂದಿಸಿರುವ ಭಾರದ ಮಿತಿಯನ್ನು ಮೀರುವಂತಿಲ್ಲ. ಸ್ಥಳೀಯವಾಗಿ ಬೆಸುಗೆ ಹಾಕಿ ಉದ್ದ ಮಾಡಿದ ತೋಳಿಗೆ ಅಂತಹ ಪರೀಕ್ಷಿತ ಮಿತಿಯೇ ಇರುವುದಿಲ್ಲವಾದ್ದರಿಂದ ಅದು ಬಳಕೆಗೆ ತಕ್ಕುದಲ್ಲ.

ಭಾರದ ಲೆಕ್ಕ

ಕೊಂಡಿಯ ಮೇಲೆ ಕ್ಯಾರವಾನಿನ ಮೂತಿ ಹೇರುವ ಭಾರವನ್ನು ಕೊಂಡಿಭಾರ ಎನ್ನಬಹುದು. ಆಸ್ಟ್ರೇಲಿಯಾದಲ್ಲಿ ಇದು ಕ್ಯಾರವಾನಿನ ಒಟ್ಟು ತೂಕದ ಸುಮಾರು ಶೇ. 10 ಇರಬೇಕೆಂಬುದು ರೂಢಿ. ಹಗುರವಾದ ಕ್ಯಾರವಾನುಗಳು ಹೆಚ್ಚಾಗಿರುವ ಬ್ರಿಟನ್ನಿನಲ್ಲಿ ಶೇ. 5ರಿಂದ 7ರಷ್ಟನ್ನು ಸೂಚಿಸಲಾಗುತ್ತದೆ. ಎಲ್ಲಿಯೇ ಆದರೂ ವಾಹನ, ಕೊಂಡಿ ಮತ್ತು ಕ್ಯಾರವಾನ್ ತಯಾರಕರು ಹೇಳಿದ ಮಿತಿಗಳಲ್ಲಿ ಅತಿ ಕಡಿಮೆಯಾದುದೇ ಅನ್ವಯವಾಗುತ್ತದೆ.

ಕೊಂಡಿಯು ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಇರುವುದರಿಂದ ಅದು ಸನ್ನೆಕೋಲಿನಂತೆ ವರ್ತಿಸುತ್ತದೆ. ಮುಂದಿನ ಹಾಗೂ ಹಿಂದಿನ ಅಚ್ಚುಗಳ ಅಂತರ 2.8 ಮೀಟರ್ ಇದ್ದು, ಕೊಂಡಿಯು ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದೆ ಇದ್ದರೆ, 150 ಕಿ.ಗ್ರಾಂ ಕೊಂಡಿಭಾರವು ಹಿಂದಿನ ಅಚ್ಚಿನ ಮೇಲೆ ಸುಮಾರು 214 ಕಿ.ಗ್ರಾಂ ಹೇರುತ್ತದೆ ಮತ್ತು ಮುಂದಿನ ಅಚ್ಚಿನಿಂದ 64 ಕಿ.ಗ್ರಾಂ ಕಿತ್ತುಕೊಳ್ಳುತ್ತದೆ. ಸ್ಟೀರಿಂಗ್ ಹಗುರವಾದಂತೆ ತೋರುವುದಕ್ಕೆ ಇದೇ ಕಾರಣ. ಈ ಭಾರದ ಒಂದು ಪಾಲನ್ನು ಮುಂದಿನ ಅಚ್ಚಿಗೆ ಮರಳಿಸಲು ಭಾರ ಹಂಚುವ ಕೊಂಡಿ ಎಂಬ ಉಪಕರಣವಿದೆ. ಅದರ ಸ್ಪ್ರಿಂಗ್ ಸರಳುಗಳು ವಾಹನ ಮತ್ತು ಬಂಡಿಯ ನಡುವೆ ಬಿಗಿದುಕೊಂಡು ಈ ಕೆಲಸ ಮಾಡುತ್ತವೆ. ಹಿಂದಿನ ಸ್ಪ್ರಿಂಗುಗಳಿಗೆ ಸೇರಿಸುವ ಗಾಳಿಚೀಲಗಳು ವಾಹನದ ಹಿಂಬದಿಯನ್ನು ಮಟ್ಟಕ್ಕೆ ತರುತ್ತವೆಯೇ ಹೊರತು ಭಾರವನ್ನು ಮುಂದಕ್ಕೆ ಕಳಿಸುವುದಿಲ್ಲ.

ವಾಹನದ ಒಟ್ಟು ತೂಕದ ಮಿತಿಯೂ ಮುಖ್ಯ. 2,510 ಕಿ.ಗ್ರಾಂ ಮಿತಿಯುಳ್ಳ, ಖಾಲಿ ಇರುವಾಗ 1,950 ಕಿ.ಗ್ರಾಂ ತೂಗುವ ವಾಹನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 150 ಕಿ.ಗ್ರಾಂ ಕೊಂಡಿಭಾರವನ್ನು ಕಳೆದರೆ 410 ಕಿ.ಗ್ರಾಂ ಉಳಿಯುತ್ತದೆ. ನಾಲ್ವರು ವಯಸ್ಕರಿಗೆ 280 ಕಿ.ಗ್ರಾಂ ಹೋದರೆ ಉಳಿದದ್ದು 130 ಕಿ.ಗ್ರಾಂ. ಎತ್ತರಿಸಿದ ವಾಹನಗಳಿಗೆ ಸಾಮಾನ್ಯವಾಗಿ ಸೇರಿಸುವ ಉಕ್ಕಿನ ಬಂಪರ್, ವಿಂಚ್, ಮಾಡಿನ ಮೇಲಿನ ಕ್ಯಾರಿಯರ್ ಇವೆಲ್ಲ 110 ಕಿ.ಗ್ರಾಂ ತೂಗಿದರೆ ಸಾಮಾನಿಗೆ ಉಳಿಯುವುದು 20 ಕಿ.ಗ್ರಾಂ ಮಾತ್ರ. ಗಟ್ಟಿ ಸ್ಪ್ರಿಂಗ್ ಹಾಕಿದ್ದರಿಂದ ಈ ಮಿತಿ ತಾನಾಗಿ ಹೆಚ್ಚುವುದಿಲ್ಲ. ಚಾಸಿ, ಅಚ್ಚು, ಬ್ರೇಕುಗಳ ಶಕ್ತಿ ಮೊದಲಿನಷ್ಟೇ ಇರುತ್ತದೆ. ಊಹೆಗಿಂತ ವೇ ಬ್ರಿಡ್ಜ್‌ನಲ್ಲಿ ವಾಹನವನ್ನೂ ಬಂಡಿಯನ್ನೂ ಬೇರೆ ಬೇರೆಯಾಗಿ, ಸಾಧ್ಯವಾದರೆ ಅಚ್ಚು ಅಚ್ಚಾಗಿ ತೂಗಿಸುವುದು ನಂಬಲರ್ಹವಾದ ದಾರಿ.

ಕ್ಯಾರವಾನಿನೊಳಗೆ ಭಾರವಾದ ಸಾಮಾನನ್ನು ಅಚ್ಚಿನ ಹತ್ತಿರ, ನೆಲಮಟ್ಟದಲ್ಲಿ ಇಡಬೇಕು. ತುದಿಗಳಲ್ಲಿ, ಅದರಲ್ಲೂ ಹಿಂದಿನ ತುದಿಯಲ್ಲಿ, ನೀರಿನ ಕ್ಯಾನು ಅಥವಾ ಹೆಚ್ಚುವರಿ ಚಕ್ರವನ್ನು ಹೇರಿದರೆ ಓಲಾಟ ಹೆಚ್ಚುತ್ತದೆ.

ಬ್ರೇಕು ಮತ್ತು ಓಲಾಟ

ಆಸ್ಟ್ರೇಲಿಯಾದ ನಿಯಮದಂತೆ 750 ಕಿ.ಗ್ರಾಂಗಿಂತ ಹೆಚ್ಚು ತೂಕದ ಎಳೆಬಂಡಿಗೆ ಸ್ವಂತ ಬ್ರೇಕು ಇರಬೇಕು. 2,000 ಕಿ.ಗ್ರಾಂ ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕು ಇದ್ದು, ಬಂಡಿ ಕಳಚಿಕೊಂಡರೆ ಅದು ತಾನಾಗಿ ನಿಲ್ಲುವ ವ್ಯವಸ್ಥೆಯೂ ಬೇಕು. ಇದರ ಜೊತೆಗೆ ಸುರಕ್ಷಾ ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದನ್ನೊಂದು ಅಡ್ಡ ಹಾಯುವಂತೆ ಕಟ್ಟಲಾಗುತ್ತದೆ. ಕೊಂಡಿ ತಪ್ಪಿದರೆ ಮೂತಿ ನೆಲಕ್ಕೆ ಬಡಿಯದಂತೆ ಅವು ತೊಟ್ಟಿಲಿನ ಹಾಗೆ ಹಿಡಿದುಕೊಳ್ಳುತ್ತವೆ.

ಕ್ಯಾರವಾನ್ ಎಡಕ್ಕೂ ಬಲಕ್ಕೂ ಓಲಾಡತೊಡಗಿ, ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುವುದು ಎಳೆಯುವಿಕೆಯ ಅತಿ ದೊಡ್ಡ ಅಪಾಯ. ಹಿಂಭಾರ, ಅತಿವೇಗ, ಇಳಿಜಾರು, ಪಕ್ಕದಲ್ಲಿ ಲಾರಿ ಹಾದಾಗ ಬೀಸುವ ಗಾಳಿ ಇವು ಅದಕ್ಕೆ ಪ್ರಚೋದನೆ ನೀಡುತ್ತವೆ. ಆಗ ವೇಗ ಹೆಚ್ಚಿಸುವುದಾಗಲಿ, ವಾಹನದ ಬ್ರೇಕನ್ನು ಜೋರಾಗಿ ಒತ್ತುವುದಾಗಲಿ, ಓಲಾಟಕ್ಕೆ ಎದುರಾಗಿ ಸ್ಟೀರಿಂಗ್ ತಿರುಗಿಸುವುದಾಗಲಿ ಸಲ್ಲದು. ಸ್ಟೀರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆಯಬೇಕು. ಕ್ಯಾರವಾನಿಗೆ ಪ್ರತ್ಯೇಕ ವಿದ್ಯುತ್ ಬ್ರೇಕು ಇದ್ದರೆ ಅದನ್ನು ಮಾತ್ರ ಮೆಲ್ಲಗೆ ಬಳಸಬಹುದು. ಬೆಂಗಳೂರಿನಿಂದ ಕರಾವಳಿಗೆ ಹೋಗುವ ಶಿರಾಡಿ, ಚಾರ್ಮಾಡಿಯಂತಹ ಘಟ್ಟಗಳಲ್ಲಿ ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬದಲಿಸುವುದರಿಂದ ಬ್ರೇಕು ಕಾದು ಸೋಲುವುದನ್ನು ತಪ್ಪಿಸಬಹುದು.

ಭಾರತದ ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ ವ್ಯಾಖ್ಯೆಯಂತೆ ಎಳೆಬಂಡಿಯೂ ಮೋಟಾರು ವಾಹನವೇ ಆಗಿದ್ದು, ಅದಕ್ಕೆ ನೋಂದಣಿ ಬೇಕು. ಕಾಯ್ದೆಯ 52ನೇ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮಾ ಪರಿಹಾರಕ್ಕೂ ಇದು ಅಡ್ಡಿಯಾಗಬಹುದು. ಆಸ್ಟ್ರೇಲಿಯಾದಲ್ಲಿ ನಿಗದಿತ ಮಿತಿಯೊಳಗಿನ ಎತ್ತರಿಕೆಗೆ ಅವಕಾಶವಿದ್ದು, ಅದನ್ನು ಮೀರಿದರೆ ಎಂಜಿನಿಯರರ ದೃಢೀಕರಣ ಬೇಕಾಗುತ್ತದೆ. ಅಲ್ಲಿನ ಪದ್ಧತಿಯನ್ನು ಇಲ್ಲಿ ಹಾಗೆಯೇ ಅನುಸರಿಸಲು ಬರುವುದಿಲ್ಲ. ಕ್ಯಾರವಾನ್ ಎಳೆಯಬಯಸುವ ಭಾರತೀಯ ಮಾಲೀಕನಿಗೆ ತಯಾರಕರು ಕೊಟ್ಟ ಎತ್ತರವನ್ನೇ ಉಳಿಸಿಕೊಳ್ಳುವುದು ಕಾನೂನಿನ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ಮೇಲು.

ಹಳೆಯ ಬೆಂಗಳೂರಿನ ರಸ್ತೆಗಳಲ್ಲಿ

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ ಹಾಗೂ 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ಜಟಕಾ ಮತ್ತು ಎತ್ತಿನಗಾಡಿಗಳ ಕಾಲದವು. ಇಲ್ಲಿನ ಅಡ್ಡರಸ್ತೆಗಳಲ್ಲಿ ತಿರುಗುವಾಗ ಕ್ಯಾರವಾನಿನ ಚಕ್ರಗಳು ಎಳೆಯುವ ವಾಹನದ ಜಾಡನ್ನು ಬಿಟ್ಟು ತಿರುವಿನ ಒಳಬದಿಗೆ ಸರಿಯುತ್ತವೆ. ಮೂಲೆಯ ಕಾಲುದಾರಿ, ನಿಂತ ದ್ವಿಚಕ್ರ ವಾಹನ ಮತ್ತು ಪಾದಚಾರಿಗಳಿಗೆ ಇದರಿಂದ ಅಪಾಯ. ಆದ್ದರಿಂದ ತಿರುವನ್ನು ತಡವಾಗಿ, ಅಗಲವಾಗಿ ತೆಗೆದುಕೊಳ್ಳಬೇಕು. ರಸ್ತೆಯುಬ್ಬುಗಳನ್ನು ದಾಟುವಾಗ ಕೆಳಕ್ಕೆ ಬಾಗಿದ ಕೊಂಡಿತೋಳು ನೆಲಕ್ಕೆ ತಾಗುವ ಸಂಭವವಿದೆ. ಸಾಲುಮರಗಳ ಕೊಂಬೆಗಳು ಮತ್ತು ಜೋತಾಡುವ ಕೇಬಲ್ಲುಗಳು ಕ್ಯಾರವಾನಿನ ಮಾಡಿಗೆ ತಗಲುವುದುಂಟು. ಹಿಮ್ಮುಖವಾಗಿ ಚಲಿಸುವಾಗ ಸ್ಟೀರಿಂಗ್ ತಿರುಗಿಸಿದ ದಿಕ್ಕಿಗೆ ವಿರುದ್ಧವಾಗಿ ಕ್ಯಾರವಾನ್ ತಿರುಗುವುದರಿಂದ, ಹೊರಗೆ ನಿಂತು ಸೂಚನೆ ಕೊಡುವ ಒಬ್ಬರ ನೆರವು ಅವಶ್ಯಕ.

ಈ ಬಡಾವಣೆಗಳಿಗೆ ಸಮೀಪದ ಜೆ.ಸಿ. ರಸ್ತೆಯು ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಮಾರುಕಟ್ಟೆ. ಇಂತಹ ಮಾರುಕಟ್ಟೆಯಲ್ಲಿ ಕೊಂಡಿ, ಸ್ಪ್ರಿಂಗು, ಟೈರುಗಳನ್ನು ಆರಿಸುವಾಗ ಅವುಗಳ ಮೇಲೆ ಅಚ್ಚೊತ್ತಿದ ಭಾರದ ಮಿತಿಯನ್ನು ನೋಡುವುದು ಮತ್ತು ವಾಹನದ ಕೈಪಿಡಿಯಲ್ಲಿ ಎಳೆಯುವಿಕೆಗೆ ತಯಾರಕರ ಅನುಮತಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳುವುದು ಅಗತ್ಯ. ಕೈಪಿಡಿಯಲ್ಲಿ ಅನುಮತಿ ಇಲ್ಲದಿದ್ದರೆ ಯಾವ ಬಿಡಿಭಾಗವೂ ಆ ಸಾಮರ್ಥ್ಯವನ್ನು ಒದಗಿಸಲಾರದು.