ಒಂದೇ ತಪ್ಪಿಗೆ ಎರಡು ಅಳತೆ

ಅಮೆರಿಕದಲ್ಲಿ ಅಕ್ರಮ ವಲಸೆಯ ಚರ್ಚೆ ಎದ್ದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣಿಸುವುದು ಒಂದೇ ಚಿತ್ರ: ಮೆಕ್ಸಿಕೋದ ಗಡಿ, ಅಲ್ಲಿಯ ಬೇಲಿ, ಅದನ್ನು ದಾಟುವ ಬಡವರ ಸಾಲು. ಆದರೆ ಆ ದೇಶದಲ್ಲಿ ಅನುಮತಿಯಿಲ್ಲದೆ ನೆಲೆಸಿರುವವರೆಲ್ಲ ಬೇಲಿ ದಾಟಿ ಬಂದವರೇನಲ್ಲ. ವೀಸಾ ಪಡೆದು, ವಿಮಾನದಿಂದ ಗೌರವವಾಗಿ ಇಳಿದು, ಅವಧಿ ಮುಗಿದ ಮೇಲೂ ಉಳಿದುಕೊಂಡವರು ಲಕ್ಷಗಟ್ಟಲೆ ಇದ್ದಾರೆ. 2016ನೇ ಆರ್ಥಿಕ ವರ್ಷದ ಸರಕಾರೀ ಲೆಕ್ಕದಲ್ಲಿ ಹೀಗೆ ಅವಧಿ ಮೀರಿ ಉಳಿದವರೆಂದು ಶಂಕಿಸಲಾದವರ ಪೈಕಿ ಮೊದಲ ಸ್ಥಾನ ಕೆನಡಾದವರದು. ಅವರ ಸಂಖ್ಯೆ ಒಂದು ಲಕ್ಷಕ್ಕೂ ಮಿಕ್ಕಿತ್ತು. ಆದರೂ ಕೆನಡಾದ ಗಡಿಗೆ ಗೋಡೆ ಕಟ್ಟಿಸುತ್ತೇನೆಂದು ಹೇಳಿ ಮತ ಕೇಳಿದವರು ತೀರ ವಿರಳ.

ಇದರ ಹಿನ್ನೆಲೆಯನ್ನು ತುಸು ನೋಡೋಣ. 1942ರಿಂದ 1964ರ ವರೆಗೆ ಮೆಕ್ಸಿಕೋದ ಕೂಲಿಕಾರರನ್ನು ಅಮೆರಿಕವೇ ಕರಾರಿನ ಮೇಲೆ ತನ್ನ ಹೊಲಗಳಿಗೆ ಕರೆಸಿಕೊಳ್ಳುತ್ತಿತ್ತು. ಆ ಏರ್ಪಾಡು ನಿಂತಿತು. 1965ರ ಕಾನೂನು ಅವರ ವಲಸೆಗೂ ಮಿತಿಯ ದಾರಿ ಹಾಕಿತು. ಹೊಲ ಅದೇ, ಧಣಿ ಅವನೇ, ಬೆಳೆಯೂ ಅದೇ; ಕೊಯ್ಲಿಗೆ ಬಂದವನ ಹೆಸರು ಮಾತ್ರ ‘ಅಕ್ರಮ’ ಎಂದಾಯಿತು.

ಅದೇ ಕಾನೂನಿನ ಬಿಸಿ ಐರ್ಲೆಂಡಿನವರಿಗೂ ತಟ್ಟಿತು. 1980ರ ದಶಕದಲ್ಲಿ ತಮ್ಮ ನಾಡಿನಲ್ಲಿ ಕೆಲಸವಿಲ್ಲದೆ ಸಾವಿರಾರು ಐರಿಷ್ ತರುಣ ತರುಣಿಯರು ಪ್ರವಾಸಿಗಳಾಗಿ ನ್ಯೂಯಾರ್ಕ್, ಬೋಸ್ಟನ್‌ಗಳಿಗೆ ಬಂದು ಅಲ್ಲೇ ಉಳಿದರು. ಕಟ್ಟಡ ಕೆಲಸ, ಹೋಟೆಲು, ಮಕ್ಕಳನ್ನು ನೋಡಿಕೊಳ್ಳುವ ಚಾಕರಿ ಅವರ ಜೀವನೋಪಾಯವಾಯಿತು. 1986ರಲ್ಲಿ ಅಮೆರಿಕವು ಸುಮಾರು 27 ಲಕ್ಷ ಮಂದಿಗೆ ಕ್ಷಮಾದಾನ ನೀಡಿತು. ಅವರಲ್ಲಿ ಬಹುಪಾಲು ಮೆಕ್ಸಿಕೋದವರು. 1982ಕ್ಕಿಂತ ಮೊದಲೇ ಬಂದಿರಬೇಕೆಂಬ ನಿಬಂಧನೆಯಿಂದ ಹೆಚ್ಚಿನ ಐರಿಷರು ಹೊರಗುಳಿದರು. ಅವರು ಸುಮ್ಮನಿರಲಿಲ್ಲ. 1987ರಲ್ಲಿ ಸಂಘಟನೆ ಕಟ್ಟಿದರು, ಪ್ರತಿನಿಧಿಗಳ ಬಾಗಿಲು ತಟ್ಟಿದರು. ಡಾನೆಲಿ, ಮಾರಿಸನ್ ಎಂಬ ಇಬ್ಬರು ಕಾಂಗ್ರೆಸ್ ಸದಸ್ಯರ ಹೆಸರಿನ ವೀಸಾಗಳು ಅವರ ನೆರವಿಗೆ ಬಂದವು. 1990ರ ಕಾನೂನು ವರ್ಷಕ್ಕೆ 40,000ದಂತೆ ಮೂರು ವರ್ಷ ವೀಸಾ ಕೊಟ್ಟು, ಅದರ ಶೇಕಡಾ 40ನ್ನು ಒಂದೇ ದೇಶಕ್ಕೆ ಮೀಸಲಿಟ್ಟಿತು. ಕಾನೂನಿನಲ್ಲಿ ಐರ್ಲೆಂಡಿನ ಹೆಸರಿರಲಿಲ್ಲ. ಹಿಂದಿನ ಯೋಜನೆಯಲ್ಲಿ ಅತಿ ಹೆಚ್ಚು ವೀಸಾ ಪಡೆದ ದೇಶ ಎಂದಷ್ಟೇ ಬರೆದಿತ್ತು. ಯಾವುದೆಂದು ಎಲ್ಲರಿಗೂ ಗೊತ್ತಿತ್ತು!

ಐರಿಷರಿಗೆ ನ್ಯಾಯ ಸಿಕ್ಕಿದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಸಂಖ್ಯೆಯಲ್ಲಿ ಮೆಕ್ಸಿಕೋದವರು ಬಹಳ ಹೆಚ್ಚು, ಆದ್ದರಿಂದ ಅವರ ಮೇಲೆ ಕಣ್ಣು ಹೆಚ್ಚು ಎಂಬ ವಾದದಲ್ಲೂ ಹುರುಳಿದೆ. ಆದರೆ ಸಂಖ್ಯೆಯೊಂದೇ ಕಾರಣವಲ್ಲವೆಂಬುದಕ್ಕೆ ಕ್ಯೂಬಾ ಮತ್ತು ಹೈಟಿಗಳ ಕಥೆಯೇ ಸಾಕ್ಷಿ. 1980ರಲ್ಲಿ ಸುಮಾರು 1,25,000 ಕ್ಯೂಬನ್ನರು ದೋಣಿಗಳಲ್ಲಿ ಫ್ಲಾರಿಡಾ ತೀರ ಸೇರಿದರು. ಕಮ್ಯುನಿಸ್ಟ್ ಆಡಳಿತದಿಂದ ಓಡಿಬಂದವರೆಂದು 1966ರ ಕಾನೂನು ಅವರಿಗೆ ಮೊದಲೇ ದಾರಿ ತೆರೆದಿಟ್ಟಿತ್ತು. ಅದೇ ಕಾಲಕ್ಕೆ ಅದೇ ಸಮುದ್ರದಲ್ಲಿ ಬಂದ ಹೈಟಿಯವರ ಸಂಖ್ಯೆ ಅದರ ಐದನೆಯ ಒಂದು ಪಾಲಿನಷ್ಟು. ಅವರೂ ಸರ್ವಾಧಿಕಾರಿಯಿಂದಲೇ ಓಡಿಬಂದವರು. ಆದರೆ ಆ ಸರ್ವಾಧಿಕಾರಿ ಅಮೆರಿಕದ ಮಿತ್ರ! 1981ರಿಂದ ಹೈಟಿಯ ದೋಣಿಗಳನ್ನು ನಡುಗಡಲಿನಲ್ಲೇ ತಡೆದು ಹಿಂದಟ್ಟಲಾಯಿತು. 1993ರಲ್ಲಿ ಸುಪ್ರೀಂ ಕೋರ್ಟು ಇಂತಹ ಹಿಂದಟ್ಟುವಿಕೆಯನ್ನು ಎತ್ತಿಹಿಡಿಯಿತು. ನೆಲ ಮುಟ್ಟಿದ ಕ್ಯೂಬನ್ನನಿಗೆ ಮಾತ್ರ ಇದ್ದ ವಿಶೇಷ ರಿಯಾಯಿತಿ 2017ರ ಜನವರಿಯ ವರೆಗೂ ನಡೆಯಿತು.

ನಮ್ಮ ದೇಶದವರ ಪಾಡೂ ಬೇರೆಯಲ್ಲ. ಅಮೆರಿಕದ ಭಾರತೀಯನೆಂದರೆ ಕಂಪ್ಯೂಟರ್ ಇಂಜಿನಿಯರು ಎಂದೇ ನಾವೂ ನಂಬಿದ್ದೆವು. 2025ರ ಫೆಬ್ರವರಿ 5ರಂದು ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರದಲ್ಲಿ ತಂದಿಳಿಸಿದಾಗ, ದಾರಿಯುದ್ದಕ್ಕೂ ಅವರಿಗೆ ಕೋಳ ತೊಡಿಸಲಾಗಿತ್ತೆಂದು ತಿಳಿದಾಗ, ದೇಶ ಬೆಚ್ಚಿತು. ಗದ್ದೆ ಮಾರಿ, ಸಾಲ ಮಾಡಿ, ದಲ್ಲಾಳಿಗಳಿಗೆ ಲಕ್ಷಾಂತರ ರೂಪಾಯಿ ತೆತ್ತು ಹೋದವರು ಅವರಲ್ಲಿದ್ದರು. ಅವರ ವಿಷಯ ನಮ್ಮ ಚರ್ಚೆಗೆ ಬಂದದ್ದು ಕೋಳ ಕಂಡ ಮೇಲೆ.

ಗಡಿ ಕಾಯುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಇದೆ. ಅದನ್ನು ನಾವು ಪ್ರಶ್ನಿಸುವುದಿಲ್ಲ. ಅವಧಿ ಮೀರಿ ಉಳಿಯುವುದು ತಪ್ಪಾದರೆ ಅದು ಎಲ್ಲರಿಗೂ ತಪ್ಪಾಗಲಿ, ಕ್ಷಮೆಯುಂಟಾದರೆ ಎಲ್ಲರಿಗೂ ಉಂಟಾಗಲಿ ಎಂಬುದಷ್ಟೇ ನಮ್ಮ ಮಾತು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬ ಗಾದೆ ಮನೆಯೊಳಗೇ ನ್ಯಾಯವಲ್ಲ, ದೇಶದ ಕಾನೂನಿಗಂತೂ ಸಲ್ಲದು.

ಈ ಮಾತು ನಮ್ಮ ಜಿಲ್ಲೆಯ ಮನೆಗಳಿಗೆ ದೂರದ್ದಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ‘ಪೊದುಮಾಪ್ಪ್’ ಸಾರಿದಾಗಲೆಲ್ಲ ಇಲ್ಲಿ ಎಷ್ಟೋ ತಾಯಂದಿರು ದೂರವಾಣಿಯ ಬಳಿ ಕುಳಿತು ಕಾದಿದ್ದಾರೆ. ಅವರ ಮಕ್ಕಳನ್ನು ನಾವು ಯಾರೂ ಅಪರಾಧಿಗಳೆಂದು ಕರೆಯಲಿಲ್ಲ. ಕಷ್ಟಕ್ಕೆ ಸಿಕ್ಕಿದ ಹುಡುಗರು ಎಂದೆವು. ನಮ್ಮ ಊರಿಗೆ ಕೆಲಸ ಹುಡುಕಿ ಬರುವ ಪರಭಾಷೆಯ ಹುಡುಗನನ್ನು ಕಂಡಾಗಲೂ ಅದೇ ಮಾತು ನಮ್ಮ ಬಾಯಿಗೆ ಬರುವುದೇ ಎಂದು ವಾಚಕರು ಯೋಚಿಸಬೇಕು.