ಒಂದು ನಳಿಗೆ, ಎರಡು ಗುರಿ: 76 ಮಿಲಿಮೀಟರ್ ನೌಕಾಫಿರಂಗಿಯ ಸ್ವರೂಪ ಮತ್ತು ಪ್ರಸ್ತುತತೆ

ಕನ್ನಡದ ಆಯುಧವಾಚಕ ಪದಗಳನ್ನು ಪರಿಶೀಲಿಸಿದರೆ ಅವುಗಳಲ್ಲಿ ಎರಡು ಪದರಗಳು ಕಾಣುತ್ತವೆ. ಬಿಲ್ಲು, ಅಂಬು, ಈಟಿ ಮೊದಲಾದವು ಭಾಷೆಯ ಹಳೆಯ ಸಂಪತ್ತು. ಮದ್ದಿನ ಬಲದಿಂದ ಗುಂಡನ್ನು ಎಸೆಯುವ ಆಯುಧ ಬಂದಾಗ ಅದರ ಹೆಸರೂ ಹೊರಗಿನಿಂದಲೇ ಬಂದಿತು. ‘ತೋಪು’ ಎಂಬುದು ತುರ್ಕಿ ಮೂಲದ ಪದ. ‘ಫಿರಂಗಿ’ ಎಂಬುದು ಯುರೋಪಿನವರನ್ನು ಸೂಚಿಸುವ ಪಾರಸಿ ಮಾತಿನಿಂದ ಹುಟ್ಟಿದ್ದು. ಪರಂಗಿ ಹಣ್ಣಿನ ಹೆಸರಿನಲ್ಲಿರುವುದೂ ಅದೇ ಮಾತು. ಕಡಲ ದಾರಿಯಲ್ಲಿ ಬಂದವರ ಹೆಸರನ್ನು ಹೊತ್ತ ಈ ಆಯುಧ ಇಂದಿಗೂ ಕಡಲಿನಲ್ಲಿ ಉಳಿದುಕೊಂಡಿದೆ. ನೂರಾರು ಕಿಲೋಮೀಟರ್ ದೂರದ ಗುರಿಯನ್ನು ಕ್ಷಿಪಣಿಯಿಂದ ಹೊಡೆಯಬಲ್ಲ ಹೊಸ ಸಮರನೌಕೆಯ ಮುಂಭಾಗದಲ್ಲಿಯೂ ಒಂದು ಫಿರಂಗಿ ಇದ್ದೇ ಇರುತ್ತದೆ. ಅದು ಏಕೆ ಉಳಿಯಿತು, ಯಾವ ರೂಪದಲ್ಲಿ ಉಳಿಯಿತು ಎಂಬುದನ್ನು ಇಟಲಿಯಲ್ಲಿ ರೂಪುಗೊಂಡು ಜಗತ್ತಿನ ಹಲವು ನೌಕಾದಳಗಳನ್ನು ಸೇರಿರುವ 76 ಮಿಲಿಮೀಟರ್ ಸ್ವಯಂಚಾಲಿತ ಫಿರಂಗಿಯ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಇಬ್ಬರು ಶತ್ರುಗಳು

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಸಮರನೌಕೆಯ ಶತ್ರು ಮತ್ತೊಂದು ಸಮರನೌಕೆಯೇ ಆಗಿತ್ತು. ನೀರಿನ ಮಟ್ಟದಲ್ಲಿರುವ, ನಿಧಾನವಾಗಿ ಚಲಿಸುವ ಗುರಿಗೆ ಭಾರವಾದ ಗುಂಡು ಬೇಕು. ಫಿರಂಗಿ ನೆಟ್ಟಗೆ ಮೇಲಕ್ಕೆ ಏಳಬೇಕಾದ ಅಗತ್ಯವಿಲ್ಲ. ವಿಮಾನ ಬಂದಾಗ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಅದು ತಲೆಯ ಮೇಲಿನಿಂದ ಬರುತ್ತದೆ, ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುತ್ತದೆ, ಕೆಲವೇ ಸೆಕೆಂಡುಗಳಲ್ಲಿ ದಾಟಿಹೋಗುತ್ತದೆ. ಅದಕ್ಕೆ ಬೇಗ ತಿರುಗುವ, ಆಕಾಶದತ್ತ ಏಳುವ, ಯಾವ ಕೋನದಲ್ಲಿದ್ದರೂ ಗುಂಡು ತುಂಬಬಹುದಾದ ಫಿರಂಗಿ ಬೇಕು. ಅನೇಕ ನೌಕೆಗಳು ಈ ಎರಡು ಕೆಲಸಗಳಿಗೆ ಎರಡು ಬಗೆಯ ಫಿರಂಗಿಗಳನ್ನು ಹೊತ್ತುಕೊಂಡವು. ಸಣ್ಣ ನೌಕೆಗಳಿಗೆ ಅಷ್ಟು ಭಾರವನ್ನು ಹೊರುವ ಶಕ್ತಿ ಇರಲಿಲ್ಲ.

ಎರಡನ್ನೂ ಒಂದೇ ನಳಿಗೆಯಿಂದ ಸಾಧಿಸುವ ಫಿರಂಗಿಯೇ ಉಭಯೋದ್ದೇಶದ ಫಿರಂಗಿ. 1930ರ ದಶಕದಲ್ಲಿ ಅಮೆರಿಕದ ಡಿಸ್ಟ್ರಾಯರುಗಳಿಗೆ ಬಂದ 5 ಇಂಚಿನ ಫಿರಂಗಿ ಇದರ ಯಶಸ್ವಿ ಮಾದರಿ. ಅದು 85 ಡಿಗ್ರಿಯವರೆಗೆ ಮೇಲೇಳಬಲ್ಲದಾಗಿತ್ತು. ನುರಿತ ನಾವಿಕರು ಅದರಿಂದ ನಿಮಿಷಕ್ಕೆ 15ರಿಂದ 20 ಗುಂಡು ಹಾರಿಸುತ್ತಿದ್ದರು. ಆದರೆ ಫಿರಂಗಿ ಮೇಲೆದ್ದ ಮಾತ್ರಕ್ಕೆ ಗುರಿ ಸಿಕ್ಕಂತಾಗಲಿಲ್ಲ. 1941ರ ಡಿಸೆಂಬರ್ 10ರಂದು ಮಲಯಾ ತೀರದಾಚೆ ಜಪಾನಿನ ವಿಮಾನಗಳು ಬ್ರಿಟನ್ನಿನ ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು ‘ರಿಪಲ್ಸ್’ ನೌಕೆಗಳನ್ನು ಮುಳುಗಿಸಿದವು. ‘ಪ್ರಿನ್ಸ್ ಆಫ್ ವೇಲ್ಸ್’ ನೌಕೆಯಲ್ಲಿ ಉಭಯೋದ್ದೇಶದ 5.25 ಇಂಚಿನ ಫಿರಂಗಿಗಳಿದ್ದವು. ಆದರೂ ಎರಡೂ ನೌಕೆಗಳಿಂದ 840 ಮಂದಿ ಪ್ರಾಣ ಕಳೆದುಕೊಂಡರು. ವಿಮಾನಕ್ಕೆ ಗುಂಡು ನೇರವಾಗಿ ತಗಲುವುದು ಅಪರೂಪ. ಗುಂಡು ಅದರ ಸಮೀಪದಲ್ಲಿ, ತಕ್ಕ ಕ್ಷಣದಲ್ಲಿ ಸಿಡಿಯಬೇಕು. ಆ ಕ್ಷಣವನ್ನು ಮೊದಲೇ ಎಣಿಸಿ ಕಾಲಮಾಪಕ ಫ್ಯೂಸನ್ನು ಹೊಂದಿಸುವ ಕ್ರಮದಲ್ಲಿ ಅರ್ಧ ಸೆಕೆಂಡು ತಪ್ಪಿದರೂ ಗುಂಡು ವ್ಯರ್ಥವಾಗುತ್ತಿತ್ತು.

76 ಎಂಬ ಅಳತೆ

ಈ ತೊಡಕಿಗೆ ದೊರೆತ ಪರಿಹಾರವೆಂದರೆ ಸಾಮೀಪ್ಯ ಫ್ಯೂಸು. ಗುಂಡಿನ ತುದಿಯಲ್ಲಿರುವ ಒಂದು ಪುಟ್ಟ ರೇಡಿಯೋ ಅಲೆಗಳನ್ನು ಹೊರಸೂಸುತ್ತದೆ. ಗುರಿಯಿಂದ ಮರಳಿದ ಅಲೆ ಸಾಕಷ್ಟು ಬಲಗೊಂಡಾಗ, ಅಂದರೆ ಗುರಿ ಸಮೀಪವಾದಾಗ, ಗುಂಡನ್ನು ಸಿಡಿಸುತ್ತದೆ. 1943ರ ಜನವರಿಯಲ್ಲಿ ಅಮೆರಿಕದ ‘ಹೆಲೆನಾ’ ನೌಕೆ ಇದನ್ನು ಮೊದಲ ಬಾರಿಗೆ ಯುದ್ಧದಲ್ಲಿ ಬಳಸಿ ಜಪಾನಿನ ವಿಮಾನವೊಂದನ್ನು ಕೆಡವಿತು. ಫಿರಂಗಿಯ ಬಾಯಿಂದ ಸಿಡಿದು ಹೊರಡುವ ಆಘಾತವನ್ನು ಗಾಜಿನ ಕವಾಟಗಳಿದ್ದ ಆ ಕಾಲದ ರೇಡಿಯೋ ಸಹಿಸುವಂತೆ ಮಾಡಿದ್ದು ಸಾಮಾನ್ಯ ಸಾಧನೆಯಲ್ಲ.

1944ರ ಅಕ್ಟೋಬರಿನಿಂದ ಜಪಾನಿನ ಆತ್ಮಾಹುತಿ ವಿಮಾನಗಳ ದಾಳಿ ಆರಂಭವಾಯಿತು. ಹಾನಿಗೊಂಡ ವಿಮಾನವೂ ತನ್ನ ವೇಗದಿಂದಲೇ ನೌಕೆಗೆ ಬಂದು ಅಪ್ಪಳಿಸುತ್ತಿದ್ದುದರಿಂದ ಅದನ್ನು ದೂರದಲ್ಲಿಯೇ ಛಿದ್ರಗೊಳಿಸಬೇಕಾಯಿತು. ಬೇಗ ಗುಂಡು ಹಾರಿಸುವ 40 ಮಿಲಿಮೀಟರ್ ಫಿರಂಗಿಯ ಗುಂಡು ತೀರ ಚಿಕ್ಕದು. ಆ ಕಾಲದ ಸಾಮೀಪ್ಯ ಫ್ಯೂಸು ಅದರೊಳಗೆ ಹಿಡಿಸುತ್ತಿರಲಿಲ್ಲ. 5 ಇಂಚಿನ ಫಿರಂಗಿಗೆ ಫ್ಯೂಸು ಇತ್ತು, ವೇಗ ಸಾಲದು. ಫ್ಯೂಸು ಹಿಡಿಸುವ ಅತ್ಯಂತ ಚಿಕ್ಕ ಗುಂಡು 3 ಇಂಚಿನದು, ಅಂದರೆ 76.2 ಮಿಲಿಮೀಟರಿನದು. ಅಮೆರಿಕ ಆ ಅಳತೆಯ ಸ್ವಯಂಚಾಲಿತ ಫಿರಂಗಿಯನ್ನು ಸಿದ್ಧಪಡಿಸುವ ವೇಳೆಗೆ ಯುದ್ಧ ಮುಗಿದಿತ್ತು. ಆದರೆ ಆ ಅಳತೆ ಉಳಿಯಿತು. ವೇಗ ಮತ್ತು ಪರಿಣಾಮಗಳ ನಡುವಿನ ಒಪ್ಪಂದದಂತಿರುವ ಈ ಗಾತ್ರವನ್ನು ಮುಂದೆ ಇಟಲಿಯೂ ಸೋವಿಯತ್ ಒಕ್ಕೂಟವೂ ತಮ್ಮ ನೌಕಾಫಿರಂಗಿಗಳಿಗೆ ಆರಿಸಿಕೊಂಡವು.

ಯಂತ್ರದ ರಚನೆ

ಇಟಲಿಯ ಲಾ ಸ್ಪೆಜಿಯಾ ನಗರದ ಓಟೋ ಮೆಲಾರಾ ಸಂಸ್ಥೆ, ಇಂದಿನ ಲಿಯೊನಾರ್ಡೊ ಸಂಸ್ಥೆಯ ಅಂಗ, 1960ರ ದಶಕದಲ್ಲಿ ‘ಕಾಂಪ್ಯಾಕ್ಟ್’ ಎಂಬ ಫಿರಂಗಿಯನ್ನು ರೂಪಿಸಿತು. ಇದನ್ನು ‘76/62’ ಎಂದು ಗುರುತಿಸುತ್ತಾರೆ. ಮೊದಲ ಅಂಕಿ ನಳಿಗೆಯ ಒಳವ್ಯಾಸ. ಎರಡನೆಯದು ನಳಿಗೆಯ ಉದ್ದ ಆ ವ್ಯಾಸದ 62 ಪಟ್ಟು, ಎಂದರೆ ಸುಮಾರು 4.7 ಮೀಟರ್ ಎಂಬುದರ ಸೂಚನೆ. ಗುಂಡಿನ ತೂಕ 6 ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಮದ್ದಿನ ಕೋಶವೂ ಸೇರಿದ ಇಡೀ ತೋಟಾ ಸುಮಾರು 12 ಕಿಲೋಗ್ರಾಮು. ನಳಿಗೆಯಿಂದ ಹೊರಡುವಾಗ ಗುಂಡಿನ ವೇಗ ಸೆಕೆಂಡಿಗೆ 900 ಮೀಟರಿಗೂ ಹೆಚ್ಚು. ಸಾಮಾನ್ಯ ಗುಂಡು ಸುಮಾರು 16 ಕಿಲೋಮೀಟರ್ ಹೋಗಬಲ್ಲದು. ಹಾರುವ ಗುರಿಯ ವಿರುದ್ಧ ಪರಿಣಾಮಕಾರಿ ದೂರ ಇದಕ್ಕಿಂತ ಬಹಳ ಕಡಿಮೆ.

ಇದರ ಮುಖ್ಯ ಲಕ್ಷಣವೆಂದರೆ ಫಿರಂಗಿಯ ಗೋಪುರದೊಳಗೆ ಮನುಷ್ಯರಿಲ್ಲದಿರುವುದು. ಹಿಂದಿನ ಗೋಪುರಗಳಲ್ಲಿ ಗುಂಡು ಎತ್ತುವವರು, ತುಂಬುವವರು, ಗುರಿ ಹಿಡಿಯುವವರು ದಪ್ಪ ಉಕ್ಕಿನ ಕವಚದೊಳಗೆ ದುಡಿಯುತ್ತಿದ್ದರು. ಗೋಪುರಕ್ಕೆ ಪೆಟ್ಟು ಬಿದ್ದರೆ ಮೊದಲು ಅಳಿಯುತ್ತಿದ್ದವರು ಅವರೇ. ಇಲ್ಲಿ ಹೊರಗೆ ಕಾಣುವುದು ಗಾಜುನಾರಿನಿಂದ ಮಾಡಿದ, ನೀರು ನುಗ್ಗದ ಹಗುರ ಹೊದಿಕೆ ಮಾತ್ರ. ಡೆಕ್ಕಿನ ಕೆಳಗೆ, ಫಿರಂಗಿಗೆ ನೇರವಾಗಿ ಜೋಡಿಸಿದ ತಿರುಗುವ ಉಗ್ರಾಣದಲ್ಲಿ ಸುಮಾರು 80 ತೋಟಾಗಳು ಸಿದ್ಧವಾಗಿ ನಿಂತಿರುತ್ತವೆ. ಉಗ್ರಾಣ ತಿರುಗಿದಂತೆ ಅವು ಒಂದೊಂದಾಗಿ ತಿರುಪಿನಾಕಾರದ ಎತ್ತುಗಕ್ಕೆ ಬಂದು ಮೇಲೇರುತ್ತವೆ. ಅಲ್ಲಿಂದ ತೂಗಾಡುವ ಎರಡು ತೋಳುಗಳು ಸರದಿಯಂತೆ ಅವುಗಳನ್ನು ನಳಿಗೆಯ ಹಿಂಬದಿಗೆ ಒಯ್ಯುತ್ತವೆ. ಫಿರಂಗಿ ಯಾವ ಕೋನದಲ್ಲಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ. ಖಾಲಿ ಕೋಶ ಹೊರಗೆ ಬೀಳುತ್ತದೆ. ಕೆಳಗೆ ನಿಂತ ನಾವಿಕರ ಕೆಲಸ ಬರಿದಾದ ಉಗ್ರಾಣವನ್ನು ಕೈಯಿಂದ ಮತ್ತೆ ತುಂಬುವುದು.

ಒಟ್ಟು ಭಾರ ಎಂಟು ಟನ್ನಿನೊಳಗೆ ಇದ್ದುದರಿಂದ ಕೆಲವೇ ನೂರು ಟನ್ನಿನ ಕ್ಷಿಪಣಿದೋಣಿಯೂ ಇದನ್ನು ಹೊರಬಲ್ಲದಾಯಿತು. ಕಾಂಪ್ಯಾಕ್ಟ್ ನಿಮಿಷಕ್ಕೆ 85 ಗುಂಡು ಹಾರಿಸುತ್ತಿತ್ತು. 1980ರ ದಶಕದಲ್ಲಿ ಬಂದ ‘ಸೂಪರ್ ರ‍್ಯಾಪಿಡ್’ 120 ಗುಂಡು ಹಾರಿಸುತ್ತದೆ. ಹಾಗೆಂದರೆ ಸಿದ್ಧವಿರುವ ಎಲ್ಲ ಗುಂಡುಗಳೂ 40 ಸೆಕೆಂಡಿನಲ್ಲಿ ತೀರುತ್ತವೆ. ವೇಗವೇ ಈ ಆಯುಧದ ಶಕ್ತಿಯೂ ಹೌದು, ಮಿತಿಯೂ ಹೌದು.

ಗುರಿಯ ಗಣಿತ

ನೀರಿನ ಮೇಲೆ ತಗ್ಗಾಗಿ ಹಾರಿಬರುವ, ಶಬ್ದಕ್ಕಿಂತ ಕಡಿಮೆ ವೇಗದ ಕ್ಷಿಪಣಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಸೆಕೆಂಡಿಗೆ 300 ಮೀಟರ್ ಕ್ರಮಿಸುತ್ತದೆ ಎಂದುಕೊಂಡರೆ 6 ಕಿಲೋಮೀಟರ್ ದೂರದಿಂದ ನೌಕೆಯನ್ನು ತಲಪಲು 20 ಸೆಕೆಂಡು ಸಾಕು. ಅಷ್ಟರಲ್ಲಿ ಈ ಫಿರಂಗಿ ಹೆಚ್ಚೆಂದರೆ 40 ಗುಂಡು ಹಾರಿಸೀತು. ಗಾಳಿಯ ತಡೆಯಿಂದ ವೇಗ ಕುಂದುತ್ತ ಹೋಗುವ ಗುಂಡು 3 ಕಿಲೋಮೀಟರ್ ಸಾಗಲು ಸುಮಾರು 4 ಸೆಕೆಂಡು ಬೇಕು. ಆ ಅವಧಿಯಲ್ಲಿ ಕ್ಷಿಪಣಿ 1,200 ಮೀಟರ್ ಮುಂದೆ ಬಂದಿರುತ್ತದೆ. ಆದುದರಿಂದ ಫಿರಂಗಿ ಗುರಿ ಈಗಿರುವ ಸ್ಥಳಕ್ಕಲ್ಲ, ಇನ್ನು ಇರಲಿರುವ ಸ್ಥಳಕ್ಕೆ ಹೊಡೆಯಬೇಕು. ಅದೂ ಅಲೆಗಳ ಮೇಲೆ ಹೊಯ್ದಾಡುವ ಡೆಕ್ಕಿನಿಂದ.

ಈ ಎಣಿಕೆಯನ್ನು ಮಾಡುವುದು ಗುರಿನಿಯಂತ್ರಣ ವ್ಯವಸ್ಥೆ. ರೇಡಾರು ಮತ್ತು ಕ್ಯಾಮೆರಾಗಳು ಗುರಿಯನ್ನು ಹಿಂಬಾಲಿಸುತ್ತವೆ. ಗಣಕವು ಗುರಿಯ ವೇಗ, ದಿಕ್ಕು, ಗಾಳಿ, ನೌಕೆಯ ಓಲಾಟ ಇವನ್ನೆಲ್ಲ ಕೂಡಿಸಿ ಫಿರಂಗಿಗೆ ಕ್ಷಣಕ್ಷಣಕ್ಕೂ ಆದೇಶ ನೀಡುತ್ತದೆ. ಹೊರಗಿನಿಂದ ನೋಡುವವರಿಗೆ ಫಿರಂಗಿಯೇ ಆಯುಧವೆಂದು ತೋರಿದರೂ, ಕಾಣದಿರುವ ಈ ಅರ್ಧವಿಲ್ಲದೆ ಅದು ಕುರುಡು.

ಕ್ಷಿಪಣಿಯುಗದ ಪರೀಕ್ಷೆ

1967ರ ಅಕ್ಟೋಬರ್ 21ರಂದು ಈಜಿಪ್ಟಿನ ಸಣ್ಣ ದೋಣಿಗಳು ಸೋವಿಯತ್ ಕ್ಷಿಪಣಿಗಳಿಂದ ಇಸ್ರೇಲಿನ ‘ಐಲಾತ್’ ಡಿಸ್ಟ್ರಾಯರನ್ನು ಮುಳುಗಿಸಿದವು. 47 ಮಂದಿ ಸತ್ತರು. 1971ರ ಡಿಸೆಂಬರಿನಲ್ಲಿ ಭಾರತದ ಕ್ಷಿಪಣಿದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದವು. ಅದೇ ಪೀಳಿಗೆಯ ‘ಚಪಲ್’ ದೋಣಿಯನ್ನು ಇಂದು ಕಾರವಾರದ ಕಡಲತೀರದಲ್ಲಿ ಸಂಗ್ರಹಾಲಯವಾಗಿ ಕಾಣಬಹುದು. ಫಿರಂಗಿಯ ಕಾಲ ಮುಗಿಯಿತು ಎಂಬ ಭಾವನೆ ಆಗ ಬಲಗೊಂಡಿತು. ಬ್ರಿಟನ್ ತನ್ನ ‘22ನೆಯ ಮಾದರಿ’ಯ ಮೊದಲ ಫ್ರಿಗೇಟುಗಳನ್ನು ಮುಖ್ಯ ಫಿರಂಗಿಯಿಲ್ಲದೆಯೇ ಕಟ್ಟಿತು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ದಡದಲ್ಲಿದ್ದ ಸೈನಿಕರಿಗೆ ನೌಕೆಗಳ ಫಿರಂಗಿಗಳೇ ಬೆಂಬಲವಾದಾಗ ಈ ತೀರ್ಮಾನದ ದೋಷ ಅರಿವಾಯಿತು. ಅದೇ ಮಾದರಿಯ ಕೊನೆಯ ನೌಕೆಗಳಿಗೆ 4.5 ಇಂಚಿನ ಫಿರಂಗಿಯನ್ನು ಅಳವಡಿಸಲಾಯಿತು.

ಇಟಲಿಯ ಫಿರಂಗಿಯನ್ನು ಅಮೆರಿಕವು ‘ಮಾರ್ಕ್ 75’ ಎಂಬ ಹೆಸರಿನಲ್ಲಿ ಪೆರ್ರಿ ವರ್ಗದ ಫ್ರಿಗೇಟುಗಳಿಗೆ ಅಳವಡಿಸಿಕೊಂಡಿತು. ಅವುಗಳ ಮುಂಭಾಗವನ್ನು ಕ್ಷಿಪಣಿಯ ಉಡಾವಕ ಆಕ್ರಮಿಸಿದ್ದರಿಂದ ಫಿರಂಗಿ ನಡುಗಟ್ಟಡದ ಮೇಲೇರಬೇಕಾಯಿತು. ನೇರ ಮುಂದಕ್ಕೆ ಗುಂಡು ಹಾರಿಸುವ ಅವಕಾಶ ತಪ್ಪಿತು. ಒಂದು ಆಯುಧದ ಬೆಲೆಯನ್ನು ಅದಕ್ಕೆ ನೌಕೆಯಲ್ಲಿ ದೊರೆತ ಸ್ಥಳದಿಂದಲೂ ಅಳೆಯಬಹುದು ಎಂಬುದಕ್ಕೆ ಇದು ನಿದರ್ಶನ. ಜರ್ಮನಿ, ನೆದರ್ಲೆಂಡ್ಸ್, ಜಪಾನ್, ದಕ್ಷಿಣ ಕೊರಿಯಾಗಳ ನೌಕೆಗಳಲ್ಲಿಯೂ ಇದೇ ಫಿರಂಗಿ ಇದೆ. 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ ಜರ್ಮನಿಯ ‘ಹೆಸ್ಸೆನ್’ ಫ್ರಿಗೇಟ್ ಎರಡು ಡ್ರೋನ್‌ಗಳನ್ನು ಕೆಡವಿದಾಗ ಒಂದಕ್ಕೆ ಬಳಸಿದ್ದು ಕಿರುದೂರದ ಕ್ಷಿಪಣಿಯನ್ನು, ಇನ್ನೊಂದಕ್ಕೆ 76 ಮಿಲಿಮೀಟರ್ ಫಿರಂಗಿಯನ್ನು. ಅಗ್ಗದ ಡ್ರೋನ್‌ಗಳು ಗುಂಪಾಗಿ ಬರುವ ಕಾಲದಲ್ಲಿ ಪ್ರತಿಯೊಂದಕ್ಕೂ ಬಹುಮೂಲ್ಯವಾದ ಕ್ಷಿಪಣಿಯನ್ನು ವ್ಯಯಿಸಲಾಗದು.

ಭಾರತದ ನೌಕೆಗಳು

ಭಾರತದ ನೌಕಾದಳಕ್ಕೆ 76ರ ಎರಡು ಪರಂಪರೆಗಳೂ ಪರಿಚಿತ. 1989ರಲ್ಲಿ ಸೇವೆ ಸೇರಿದ ‘ಖುಕ್ರಿ’ ಕಾರ್ವೆಟ್ಟಿನಲ್ಲಿ ಇದ್ದದ್ದು ಸೋವಿಯತ್ ಫಿರಂಗಿ. 2000ದಲ್ಲಿ ಸೇವೆ ಸೇರಿದ ‘ಬ್ರಹ್ಮಪುತ್ರ’ ಫ್ರಿಗೇಟಿನಲ್ಲಿ ಇಟಲಿಯ ಮಾದರಿ ಕಾಣಿಸಿಕೊಂಡಿತು. ಅನಂತರ ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ನಿರ್ಮಾಣವಾದ ‘ಶಿವಾಲಿಕ್’ ವರ್ಗದ ಫ್ರಿಗೇಟುಗಳು, ‘ಕೋಲ್ಕತಾ’ ಮತ್ತು ‘ವಿಶಾಖಪಟ್ಟಣಂ’ ವರ್ಗಗಳ ಡಿಸ್ಟ್ರಾಯರುಗಳು, 2025ರ ಜನವರಿ 15ರಂದು ಮುಂಬಯಿಯಲ್ಲಿ ಸೇವೆ ಸೇರಿದ ‘ನೀಲಗಿರಿ’ ಇವೆಲ್ಲವೂ ಸೂಪರ್ ರ‍್ಯಾಪಿಡ್ ಫಿರಂಗಿಯನ್ನೇ ಹೊತ್ತಿವೆ.

ಭಾರತದಲ್ಲಿ ಈ ಫಿರಂಗಿಯನ್ನು ಪರವಾನಗಿಯ ಮೇರೆಗೆ ತಯಾರಿಸುವುದು ಹರಿದ್ವಾರದ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಕಾರ್ಖಾನೆ. ಸುಧಾರಿತ ಮಾದರಿಯ 16 ಫಿರಂಗಿಗಳಿಗಾಗಿ ರಕ್ಷಣಾ ಸಚಿವಾಲಯವು 2023ರ ನವೆಂಬರಿನಲ್ಲಿ ಸುಮಾರು 2,957 ಕೋಟಿ ರೂಪಾಯಿಗಳ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಮಾರ್ಚಿಯಲ್ಲಿ ನೌಕಾಫಿರಂಗಿಗಳ 13 ‘ಲಿಂಕ್ಸ್ ಯು-2’ ಗುರಿನಿಯಂತ್ರಣ ವ್ಯವಸ್ಥೆಗಳಿಗೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಂದಿಗೆ 1,700 ಕೋಟಿ ರೂಪಾಯಿಗೂ ಮಿಕ್ಕ ಒಪ್ಪಂದವಾಗಿತ್ತು. ಮೇಲೆ ಹೇಳಿದ ‘ಕಾಣದ ಅರ್ಧ’ ಕರ್ನಾಟಕದಲ್ಲಿ ರೂಪುಗೊಳ್ಳುತ್ತಿದೆ ಎಂಬುದು ಗಮನಾರ್ಹ.

ಅಳತೆಯುಳ್ಳ ಬಲ

ಫಿರಂಗಿಯ ಉಳಿವಿಗೆ ಖರ್ಚಿನ ಲೆಕ್ಕಕ್ಕಿಂತ ಆಳವಾದ ಕಾರಣವೊಂದಿದೆ. ಒಮ್ಮೆ ಉಡಾಯಿಸಿದ ಕ್ಷಿಪಣಿಗೆ ಎಚ್ಚರಿಸುವುದು ತಿಳಿಯದು; ಅದು ಬಲ್ಲದ್ದು ನಾಶವೊಂದನ್ನೇ. ಆದರೆ ಸಮುದ್ರದಲ್ಲಿ ಎದುರಾಗುವ ಹಡಗೆಲ್ಲ ಶತ್ರುವಲ್ಲ. ಅದು ಮೀನುಗಾರರ ದೋಣಿಯಾಗಿರಬಹುದು, ಒತ್ತೆಯಾಳುಗಳಿರುವ ಸರಕುಹಡಗಾಗಿರಬಹುದು. 2024ರ ಮಾರ್ಚಿಯಲ್ಲಿ ಕಡಲುಗಳ್ಳರ ವಶದಲ್ಲಿದ್ದ ‘ರುಯೆನ್’ ಹಡಗನ್ನು ‘ಕೋಲ್ಕತಾ’ ನೌಕೆ ತಡೆದಾಗ ಅದರ ಬ್ರಹ್ಮೋಸ್ ಕ್ಷಿಪಣಿಗಳಿಂದ ಯಾವ ಪ್ರಯೋಜನವೂ ಇರಲಿಲ್ಲ. ಬೇಕಾಗಿದ್ದುದು ಹಡಗನ್ನು ಮುಳುಗಿಸದೆ ನಿಲ್ಲಿಸುವ ಮಿತವಾದ ಬಲಪ್ರಯೋಗ. 17 ಮಂದಿ ನಾವಿಕರು ಬದುಕಿ ಬಂದರು. ಶರಣಾದ 35 ಮಂದಿ ಕಡಲುಗಳ್ಳರನ್ನು ಮುಂಬಯಿಗೆ ತಂದು ಪೊಲೀಸರಿಗೆ ಒಪ್ಪಿಸಲಾಯಿತು. ನೌಕೆಯಲ್ಲಿರುವ ಸಣ್ಣ ಬಂದೂಕಿನಿಂದ ಕ್ಷಿಪಣಿಯವರೆಗಿನ ಮೆಟ್ಟಿಲುಗಳಲ್ಲಿ ಫಿರಂಗಿ ನಡುವಿನದು. ಮುಂದೆ ಹೋಗುವ ಹಡಗಿನ ಎದುರಿಗೆ ಒಂದೇ ಗುಂಡು ಹಾರಿಸಿ ಉತ್ತರಕ್ಕಾಗಿ ಕಾಯುವುದು ಅದಕ್ಕೆ ಸಾಧ್ಯ.

ಆದರೆ ಯಂತ್ರದ ಈ ಯೋಗ್ಯತೆ ಮನುಷ್ಯನ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಡ್ರೋನ್‌ಗಳನ್ನು ಕೆಡವುವುದಕ್ಕೆ ಸ್ವಲ್ಪ ಮೊದಲು ಅದೇ ‘ಹೆಸ್ಸೆನ್’ ನೌಕೆ ಮಿತ್ರರಾಷ್ಟ್ರವಾದ ಅಮೆರಿಕದ ಡ್ರೋನ್ ಮೇಲೆ ತಪ್ಪಾಗಿ ಕ್ಷಿಪಣಿಗಳನ್ನು ಉಡಾಯಿಸಿತ್ತು. ಅವು ಗುರಿ ಮುಟ್ಟದೆ ಸಮುದ್ರಕ್ಕೆ ಬಿದ್ದವು. ಗುರಿ ಎಲ್ಲಿದೆ, ಇನ್ನು ನಾಲ್ಕು ಸೆಕೆಂಡಿನಲ್ಲಿ ಎಲ್ಲಿರುತ್ತದೆ ಎಂಬುದನ್ನು ಗಣಕ ಹೇಳಬಲ್ಲದು. ಅದು ಯಾರು ಎಂಬುದನ್ನು ನಿಶ್ಚಯಿಸಿ ಆಜ್ಞೆ ಕೊಡುವ ಹೊಣೆ ನೌಕೆಯ ಅಧಿಕಾರಿಯದು. ಫಿರಂಗಿಯ ಗೋಪುರದಿಂದ ಮನುಷ್ಯ ಹೊರಬಂದಿದ್ದಾನೆ, ನಿರ್ಧಾರದಿಂದ ಹೊರಬಂದಿಲ್ಲ. ಉಭಯೋದ್ದೇಶ ಎಂಬ ಮಾತಿನಿಂದ ಶಿಲ್ಪಿಗಳು ಸೂಚಿಸಿದ್ದು ಕಡಲು ಮತ್ತು ಆಕಾಶಗಳ ಎರಡು ಗುರಿಗಳನ್ನು. ಎಚ್ಚರಿಸುವುದು ಮತ್ತು ಹೊಡೆಯುವುದು ಎಂಬ ಇನ್ನೊಂದು ಜೋಡಿಯೂ ಅದರಲ್ಲಿ ಅಡಗಿದೆ. ಕ್ಷಿಪಣಿಯ ಕಾಲದಲ್ಲಿಯೂ ಫಿರಂಗಿಯನ್ನು ಉಳಿಸಿರುವುದು ಮುಖ್ಯವಾಗಿ ಈ ಎರಡನೆಯ ಜೋಡಿಯೇ.